ಬೆಂಚಿನಿಂದ ಮೇಜಿನವರೆಗೆ

ಟ್ರಾಯ್, ಮಿಷಿಗನ್
12 ಜನವರಿ 2009

ಪೂಜ್ಯ ಅನಸೂಯ ಮೇಡಂ ಅವರಿಗೆ,

ನಿಮ್ಮ ಹಳೆಯ ವಿದ್ಯಾರ್ಥಿ ಅಕ್ಷೋಭ್ಯನ ನಮಸ್ಕಾರಗಳು.

ಹೊಸ ವರ್ಷದ ದಿನ ಫೋನಿನಲ್ಲಿ ನೀವು ನನ್ನ ಕೆಲಸ ಹೇಗಿದೆ ಎಂದು ಕೇಳಿದಿರಿ. ಚೆನ್ನಾಗಿದೆ ಮೇಡಂ ಎಂದೆ. ಅದು ಸುಳ್ಳು. ಮೂವತ್ತು ವರ್ಷದ ಮೇಲೆ ನಿಮ್ಮ ದನಿ ಕೇಳಿದ ಕೂಡಲೇ ನಾನು ಸೋಫಾದಿಂದ ಎದ್ದು ನಿಂತಿದ್ದೆ. ಎದ್ದು ನಿಂತವನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಪತ್ರದಲ್ಲಾದರೆ ಕೂತು ಹೇಳಬಹುದು. ನಿಮಗೆ ಇಮೇಲ್ ಆಗಿಬರುವುದಿಲ್ಲ ಎಂದು ನಿಮ್ಮ ಮಗಳು ಮಂಜರಿ ಹೇಳಿದ್ದು ನನಗೂ ಅನುಕೂಲವೇ ಆಯಿತು.

ನನ್ನ ಕೆಲಸ ಅಕ್ಟೋಬರಿನಲ್ಲೇ ಹೋಯಿತು. ಕಾರುಗಳಿಗೆ ಬ್ರೇಕಿನ ಭಾಗ ಮಾಡಿಕೊಡುವ ಕಂಪನಿಯಲ್ಲಿ ಹದಿನಾಲ್ಕು ವರ್ಷ ಇಂಜಿನಿಯರ್ ಆಗಿದ್ದೆ. ಕಳಿಸಿದ ರೀತಿ ಕೇಳಿ. ಎಚ್‌ಆರ್ ಹುಡುಗಿ ನನ್ನನ್ನು ಚಿಕ್ಕ ಕೋಣೆಗೆ ಕರೆದು, ಕಣ್ಣಲ್ಲಿ ಕಣ್ಣಿಟ್ಟು, ನನ್ನ ಹೆಸರನ್ನು ನಾಲ್ಕು ಸಲ ತಪ್ಪಿಲ್ಲದೆ ಉಚ್ಚರಿಸಿ, ಟಿಶ್ಯೂ ಡಬ್ಬವನ್ನು ನನ್ನ ಕಡೆ ಸರಿಸಿ, ತುಂಬ ಮೆತ್ತಗೆ ಮನೆಗೆ ಕಳಿಸಿದಳು. ಹದಿನಾಲ್ಕು ವರ್ಷದಲ್ಲಿ ಆ ಕಂಪನಿಯಲ್ಲಿ ಯಾರಾದರೂ ನನ್ನ ಹೆಸರನ್ನು ಸರಿಯಾಗಿ ಹೇಳಿದ್ದು ಅದೇ ಮೊದಲು. ಅಂದಿನಿಂದ ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಈಗ ಒಂದು ಕೆಲಸ ಸಿಕ್ಕಿದೆ. ಒಂಬತ್ತು ಮೈಲಿ ದೂರದ ಕಮ್ಯುನಿಟಿ ಕಾಲೇಜಿನಲ್ಲಿ, ಫ್ಯಾಕ್ಟರಿಗಳಿಂದ ಹೊರಬಿದ್ದ ಕೆಲಸಗಾರರಿಗೆ ಲೆಕ್ಕ ಹೇಳಿಕೊಡಬೇಕು. ಅವರು ಕ್ಲಾಸಿಗೆ ಬರುತ್ತಿದ್ದರೆ ಮಾತ್ರ ನಿರುದ್ಯೋಗ ಭತ್ಯೆ ಮುಂದುವರಿಯುತ್ತದೆ. ಹದಿನಾರು ವಾರದ ಪಾಠ. ಚೆನ್ನಾಗಿ ನಡೆದರೆ ಸೆಪ್ಟೆಂಬರಿನಿಂದ ಒಂದು ವರ್ಷದ ಕಾಂಟ್ರ್ಯಾಕ್ಟ್, ಜೊತೆಗೆ ಆರೋಗ್ಯ ವಿಮೆ. ಮಗ ಮಾಧವನಿಗೆ ಆಸ್ತಮಾ ಇದೆ. ಹಾಗಾಗಿ ನಮ್ಮ ಮನೆಯಲ್ಲಿ ಈಗ ವಿಮೆ ಎಂಬ ಮಾತನ್ನು ದೇವರ ಹೆಸರಿನ ಹಾಗೆ ಎತ್ತುತ್ತೇವೆ.

ಪಾಠಕ್ಕೆ ಮುಂಚೆ ವಿಭಾಗದ ಮುಖ್ಯಸ್ಥೆ ಡೆನೀಸ್ ಹಾರ್ಮನ್ ನಮಗೆ ಎರಡು ದಿನ ತರಬೇತಿ ಕೊಟ್ಟರು. ಅದರ ಹೆಸರು ಸಾಫ್ಟ್ ಸ್ಕಿಲ್ಸ್. ಎಲ್ಲರ ಹೆಸರು ಕಲಿಯಿರಿ, ಕಣ್ಣು ನೋಡಿ ಮಾತಾಡಿ, ಉತ್ತರ ಕೊಡುವ ಮೊದಲು ಮನಸ್ಸಿನಲ್ಲಿ ಐದು ಎಣಿಸಿ, ತಪ್ಪಿದ್ದರೆ ಪಕ್ಕಕ್ಕೆ ಕರೆದು ಹೇಳಿ. ಲೆಕ್ಕದ ಬಗ್ಗೆ ಎರಡು ದಿನದಲ್ಲಿ ಒಂದು ಮಾತಿಲ್ಲ. ನೀವು ನಮಗೆ ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡುವಾಗ ಯಾರ ಕಣ್ಣನ್ನು ನೋಡಿದ್ದಿರಿ? ನಿಮ್ಮ ಕಣ್ಣು ಬೋರ್ಡಿನ ಮೇಲೆ, ನಮ್ಮ ಕಣ್ಣು ನಿಮ್ಮ ಚಾಕ್‌ಪೀಸಿನ ಮೇಲೆ. ಅದಕ್ಕೇ ನಾನು ಇಂಜಿನಿಯರ್ ಆದೆ.

ನಾನು ಎಂದೂ ಪಾಠ ಮಾಡಿದವನಲ್ಲ. ಮುಂದಿನ ವಾರ ಶುರು. ಹೇಗೆ ನಡೆಸಬೇಕು ಎಂದು ನೀವೇ ಹೇಳಬೇಕು.

ನಿಮ್ಮ ವಿಧೇಯ,
ಅಕ್ಷೋಭ್ಯ


ಲಿಸ್ಲ್, ಇಲಿನಾಯ್
22 ಜನವರಿ 2009

ಚಿರಂಜೀವಿ ಅಕ್ಷೋಭ್ಯನಿಗೆ ಆಶೀರ್ವಾದಗಳು.

ಸುಳ್ಳು ಹೇಳಿದ್ದಕ್ಕೆ ಬೆಂಚಿನ ಮೇಲೆ ನಿಲ್ಲು. ಕೆಲಸ ಹೋಗುವುದು ಈಗ ಈ ದೇಶದಲ್ಲಿ ನೆಗಡಿಯ ಹಾಗೆ. ನಮ್ಮ ಮಂಜರಿಯ ಆಫೀಸಿನಲ್ಲೂ ಪಾರ್ಕಿಂಗ್ ಅರ್ಧ ಖಾಲಿಯಂತೆ. ಆದರೆ ನೀನು ಮೇಷ್ಟ್ರಾದ ಸುದ್ದಿ ಓದಿ ನನಗೆ ಎಷ್ಟು ಖುಷಿಯಾಯಿತೆಂದರೆ, ಪತ್ರವನ್ನು ಮಂಜರಿಗೆ ಎರಡು ಸಲ ಓದಿ ಹೇಳಿದೆ. ಎರಡನೆಯ ಸಲ ಅವಳು ಪಾತ್ರೆ ತೊಳೆಯುತ್ತ ಹೂಂ ಅಂದಳು.

ನಿನ್ನ ಡೆನೀಸಮ್ಮ ಹೇಳಿದ್ದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡು. ನಾನು ಮೂವತ್ತಾರು ವರ್ಷ ಪಾಠ ಮಾಡಿದವಳು. ಮೊದಲ ಹದಿನೈದು ದಿನ ಹಲ್ಲು ಕಾಣಿಸಬೇಡ. ಆಮೇಲೆ ನಕ್ಕರೆ ಅದಕ್ಕೆ ಬೆಲೆ. ವಾರಕ್ಕೊಂದು ಪರೀಕ್ಷೆ ಮಾಡು. ಹಂತಗಳನ್ನು ಬರೆಯದೆ ಬರೀ ಉತ್ತರ ಬರೆದವರಿಗೆ ಅಂಕ ಕೊಡಬೇಡ. ಉತ್ತರ ಪಕ್ಕದವನದೂ ಆಗಿರಬಹುದು. ಇನ್ನು ಪತ್ರಿಕೆ ಹಿಂದಕ್ಕೆ ಕೊಡುವಾಗ ನಾನು ಅನುಸರಿಸುತ್ತಿದ್ದ ಕ್ರಮ ನೆನಪಿದೆಯಷ್ಟೆ. ಹೆಚ್ಚು ಅಂಕದಿಂದ ಕಡಿಮೆ ಅಂಕಕ್ಕೆ ಜೋಡಿಸಿಕೊಂಡು, ಹೆಸರು ಮತ್ತು ಅಂಕ ಗಟ್ಟಿಯಾಗಿ ಕೂಗಿ, ಒಬ್ಬೊಬ್ಬರೇ ಮೇಜಿನ ಹತ್ತಿರ ಬಂದು ತೆಗೆದುಕೊಳ್ಳುವ ಹಾಗೆ ಮಾಡಬೇಕು. ಮುಂದಿನ ವಾರ ಯಾರೂ ಕೊನೆಯವರಾಗಲು ಇಷ್ಟಪಡುವುದಿಲ್ಲ. ನಿನಗೆ ಯಾವಾಗಲೂ ಮೊದಲ ಪತ್ರಿಕೆಯೇ ಸಿಗುತ್ತಿತ್ತು. ಅದು ಸಿಗುವ ಹಾಗೆ ಮಾಡಿದ್ದು ಆ ಕ್ರಮವೇ.

ನನಗೂ ಇಲ್ಲಿ ಒಬ್ಬ ವಿದ್ಯಾರ್ಥಿನಿ ಸಿಕ್ಕಿದ್ದಾಳೆ, ಮೊಮ್ಮಗಳು ಇಂಚರ. ಒಂಬತ್ತು ವರ್ಷ. ಸಂಜೆ ನಾಲ್ಕಕ್ಕೆ ಮಗ್ಗಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಎಂಟರ ಮಗ್ಗಿ ಮಾತ್ರ ಯಾವ ಭಾಷೆಯಲ್ಲೂ ಬರುವುದಿಲ್ಲ. ಜೂನಿನಲ್ಲಿ ಮೈಸೂರಿಗೆ ಹೊರಡುವಷ್ಟರಲ್ಲಿ ಹದಿನಾರರವರೆಗೆ ತರುತ್ತೇನೆ.

ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು.

ಇತಿ,
ಅನಸೂಯ


ಟ್ರಾಯ್
8 ಫೆಬ್ರವರಿ 2009

ಪೂಜ್ಯ ಮೇಡಂ,

ನಿಮ್ಮ ಮಂತ್ರ ಫಲಿಸಿತು. ಇಪ್ಪತ್ತೆರಡು ಜನ ಇದ್ದಾರೆ. ಎಲ್ಲರೂ ನನ್ನ ವಯಸ್ಸಿನವರು ಅಥವಾ ದೊಡ್ಡವರು. ಮೊದಲ ವಾರ ಕಾಫಿ ಲೋಟ ಹಿಡಿದು, ಟೋಪಿ ಹಾಕಿಕೊಂಡು, ಬೇಸ್‌ಬಾಲ್ ಹರಟುತ್ತ ಕೂರುತ್ತಿದ್ದರು. ಮೊನ್ನೆ ಶುಕ್ರವಾರ ಮೊದಲ ಪರೀಕ್ಷೆಯ ಪತ್ರಿಕೆಗಳನ್ನು ನಿಮ್ಮ ಕ್ರಮದಲ್ಲಿ ಕೊಟ್ಟೆ. ಐದನೇ ಹೆಸರಿನ ಹೊತ್ತಿಗೆ ಟೋಪಿಗಳು ಇಳಿದವು. ಹತ್ತನೆಯದರ ಹೊತ್ತಿಗೆ ಹೀಟರಿನ ಸದ್ದು ಕೇಳುವಷ್ಟು ನಿಶ್ಶಬ್ದ.

ಕೊನೆಯವನು ಸ್ಟ್ಯಾನ್ಲಿ ಬೀಲಕ್ ಎಂಬಾತ. ಐವತ್ತಾರು ವರ್ಷ, ಆನೆಯಂಥ ಆಳು, ಹಿಂದಿನ ಬೆಂಚು. ತಗಡು ಒತ್ತುವ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ್ದಾನಂತೆ. ಇಪ್ಪತ್ತೈದಕ್ಕೆ ಸೊನ್ನೆ. ಒಂದು ಲೆಕ್ಕಕ್ಕೂ ಹಂತಗಳಿಲ್ಲ, ಎಲ್ಲದಕ್ಕೂ ಒಂದೊಂದು ಸಂಖ್ಯೆ ಗೀಚಿದ್ದಾನೆ. ನಾನು ಪತ್ರಿಕೆಯನ್ನು ಎತ್ತಿ ಹಿಡಿದು, "ಮಿಸ್ಟರ್ ಬೀಲಕ್, ಮೂವತ್ತೊಂದು ವರ್ಷ ಉಕ್ಕು ಅಳೆದಿದ್ದೀರಿ, ಎರಡು ಭಿನ್ನರಾಶಿ ಕೂಡಿಸೋಕೆ ಬರಲ್ವಾ?" ಎಂದೆ. ನೀವು ನಮಗೆ ಹೀಗೇ ಚುಚ್ಚುತ್ತಿದ್ದಿರಲ್ಲ, ಹಾಗೆ. ನಾವಾದರೆ ಕಿಸಕ್ಕನೆ ನಗುತ್ತಿದ್ದೆವು. ಇಲ್ಲಿ ಯಾರೂ ನಗಲಿಲ್ಲ. ಅವನು ನಿಧಾನವಾಗಿ ನಡೆದು ಬಂದು ಪತ್ರಿಕೆ ತೆಗೆದುಕೊಂಡ. ಕ್ಲಾಸು ಮುಗಿದ ಮೇಲೆ ನೋಡಿದರೆ ಅದನ್ನು ಬೆಂಚಿನ ಮೇಲೇ ಬಿಟ್ಟು ಹೋಗಿದ್ದ. ನಾಚಿಕೆಯಾಗಿರಬೇಕು. ಮುಂದಿನ ವಾರ ಓದಿಕೊಂಡು ಬರುತ್ತಾನೆ, ನೋಡುತ್ತಿರಿ.

ಡೆನೀಸ್ ಕಾರಿಡಾರಿನಲ್ಲಿ ಸಿಕ್ಕಿ, ನಿಮ್ಮ ಕ್ಲಾಸು ಬಹಳ ಸದ್ದಿಲ್ಲದೆ ಇದೆ ಎಂದರು. ಹೊಗಳಿಕೆ ಎಂದುಕೊಂಡು ಥ್ಯಾಂಕ್ಸ್ ಹೇಳಿದೆ.

ನಿಮ್ಮ,
ಅಕ್ಷೋಭ್ಯ


ಲಿಸ್ಲ್
16 ಫೆಬ್ರವರಿ 2009

ಅಕ್ಷೋಭ್ಯ,

ಪತ್ರ ತಲುಪಿತು. ಒಂದೇ ಪ್ರಶ್ನೆ. ಆ ಮನುಷ್ಯ ಮುಂದಿನ ಕ್ಲಾಸಿಗೆ ಬಂದನೇ?

ಕೂಡಲೇ ಬರೆ.

ಅನಸೂಯ


ಟ್ರಾಯ್
8 ಮಾರ್ಚ್ 2009

ಪೂಜ್ಯ ಮೇಡಂ,

ಉತ್ತರ ತಡವಾಯಿತು, ಕ್ಷಮಿಸಿ. ಪತ್ರಿಕೆ ತಿದ್ದುವ ಕೆಲಸವೇ ಬೆಟ್ಟದಷ್ಟಿದೆ. ಮಾಧವನಿಗೂ ಮೈ ಸರಿಯಿರಲಿಲ್ಲ.

ನೀವು ಕೇಳಿದ ಆ ಬೀಲಕ್ ಬರಲಿಲ್ಲ. ಆಮೇಲೂ ಬಂದಿಲ್ಲ. ಇಂಥವರು ಪ್ರತಿ ಕ್ಲಾಸಿನಲ್ಲೂ ಒಬ್ಬಿಬ್ಬರು ಇರುತ್ತಾರೆಂದು ಇಲ್ಲಿನ ಹಳೆಯ ಬೋಧಕರು ಹೇಳುತ್ತಾರೆ. ಮೂವತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತವರಿಗೆ ಕೂತು ಕಲಿಯುವುದೆಂದರೆ ಆಗುವುದಿಲ್ಲವಂತೆ. ಉಳಿದ ಇಪ್ಪತ್ತೊಂದು ಜನ ಸರಿಯಾಗಿ ಬರುತ್ತಿದ್ದಾರೆ. ಈಚೆಗೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಅದೊಂದು ಬಿಟ್ಟರೆ ಎಲ್ಲ ಚೆನ್ನಾಗಿದೆ.

ಇಂಚರಳ ಮಗ್ಗಿ ಎಲ್ಲಿಗೆ ಬಂತು?

ನಿಮ್ಮ,
ಅಕ್ಷೋಭ್ಯ


ಲಿಸ್ಲ್
15 ಮಾರ್ಚ್ 2009

ಅಕ್ಷೋಭ್ಯ,

ಇಂಚರಳ ವಿಷಯ ಆಮೇಲೆ. ಈ ಪತ್ರವನ್ನು ಮೂರು ಸಲ ಹರಿದು ಹಾಕಿ ನಾಲ್ಕನೇ ಸಲ ಬರೆಯುತ್ತಿದ್ದೇನೆ. ಕೊನೆಯವರೆಗೆ ಓದು.

ನಿನ್ನ ಕ್ಲಾಸಿನಲ್ಲಿ ಕೆಂಪಮ್ಮ ಎಂಬ ಹುಡುಗಿ ಇದ್ದಳು. ನೆನಪಿದೆಯೇ? ಇರಲಾರದು. ನಿನಗೆ ಮೊದಲ ಪತ್ರಿಕೆ ಸಿಗುತ್ತಿತ್ತು. ನೀನು ಹೋಗಿ ಕೂತು ನಿನ್ನ ಅಂಕಗಳನ್ನೇ ನೋಡಿಕೊಳ್ಳುತ್ತಿದ್ದೆ. ಕೊನೆಯ ಪತ್ರಿಕೆ ಯಾರಿಗೆ ಹೋಯಿತು ಎಂದು ತಲೆಯೆತ್ತಿದವನಲ್ಲ. ನಿನ್ನನ್ನು ಬೈಯುತ್ತಿಲ್ಲ. ನೋಡಬೇಕಾಗಿದ್ದವಳು ನಾನು.

ಅದು ಯಾವಾಗಲೂ ಕೆಂಪಮ್ಮನಿಗೆ ಹೋಗುತ್ತಿತ್ತು. ಹಿಂದಿನ ಬೆಂಚಿನಿಂದ ಬರುತ್ತಿದ್ದಳು. ನಾನು ಪ್ರತಿ ಸಲ ಏನಾದರೊಂದು ಅನ್ನುತ್ತಿದ್ದೆ, ನೀವೆಲ್ಲ ನಗುತ್ತಿದ್ದಿರಿ. ಕ್ಲಾಸು ಹಗುರವಾಗಲಿ ಎಂದೇ ಅನ್ನುತ್ತಿದ್ದೆ. ಅರ್ಧವಾರ್ಷಿಕ ಪರೀಕ್ಷೆ ಆದ ಮೇಲೆ ಅವಳು ಬರಲಿಲ್ಲ. ಮನೆಯಲ್ಲಿ ಮದುವೆ ಮಾಡಿರಬೇಕು ಎಂದುಕೊಂಡೆ. ಯಾರನ್ನೂ ವಿಚಾರಿಸಲಿಲ್ಲ. ರಿಜಿಸ್ಟರಿನಲ್ಲಿ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ.

ತೊಂಬತ್ತನಾಲ್ಕರಲ್ಲಿ ನಮ್ಮ ಯಜಮಾನರನ್ನು ಮೈಸೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಹನ್ನೊಂದು ದಿನ ಇದ್ದರು. ಅಲ್ಲಿ ಒಬ್ಬ ಆಯಾ ಅವರ ಮೈ ಒರೆಸುತ್ತಿದ್ದಳು, ಮಗ್ಗುಲಿಗೆ ತಿರುಗಿಸುತ್ತಿದ್ದಳು. ಮುಟ್ಟುವ ಮೊದಲು, "ಸ್ವಲ್ಪ ತಣ್ಣಗಿರತ್ತೆ ಸಾರ್, ಒಂದೇ ನಿಮಿಷ" ಎಂದು ಹೇಳಿಯೇ ಮುಟ್ಟುತ್ತಿದ್ದಳು. ಹತ್ತನೆಯ ದಿನ ನಾನು ಅವಳ ಹೆಸರು ಕೇಳಿದೆ. ಅವಳಿಗೆ ಮೊದಲ ದಿನವೇ ನನ್ನ ಗುರುತು ಸಿಕ್ಕಿತ್ತು.

ಬೇಕೆಂದೇ ಕೇಳಿದೆ, ಯಾಕಮ್ಮ ಸ್ಕೂಲು ಬಿಟ್ಟೆ ಎಂದು. ಅವಳಿಗೆ ಕೋಪವೂ ಇರಲಿಲ್ಲ. ಬಟ್ಟೆ ಹಿಂಡುತ್ತ ಹೇಳಿದಳು: "ಲೆಕ್ಕ ಬರ್ಲಿಲ್ಲ ಅಂತ ಬಿಡ್ಲಿಲ್ಲ ಮೇಡಂ. ಬೆಂಚಿಂದ ನಿಮ್ಮ ಮೇಜಿನ ತಂಕ ನಡೀಬೇಕಿತ್ತಲ್ಲ, ಅದ್ಕೆ ಬಿಟ್ಟೆ."

ನಾನು ಏನು ಮಾಡಿದೆ ಗೊತ್ತೇ? ಮರುದಿನ ಅವಳಿಗೆ ಒಂದು ಸೀರೆ ತಂದು ಕೊಟ್ಟೆ. ಕ್ಷಮೆ ಕೇಳುವ ಬದಲು ಸೀರೆ ಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಆಮೇಲೆ ಐದು ವರ್ಷ ಪಾಠ ಮಾಡಿದೆ; ಪತ್ರಿಕೆ ಕೊಡುವ ಕ್ರಮವನ್ನು ಬದಲಾಯಿಸಲಿಲ್ಲ. ಬದಲಾಯಿಸಿದರೆ ಅದುವರೆಗೆ ಮಾಡಿದ್ದೆಲ್ಲ ತಪ್ಪು ಎಂದು ಒಪ್ಪಿದ ಹಾಗಲ್ಲವೇ? ಜನವರಿಯಲ್ಲಿ ನಿನ್ನ ಪತ್ರ ಬಂದಾಗಲೂ ಕೆಂಪಮ್ಮ ನೆನಪಾದಳು. ನೆನಪಾದ ಮೇಲೂ ನಿನಗೆ ಅದೇ ಕ್ರಮವನ್ನು ಬರೆದು ಕಳಿಸಿದೆ, ಯಾಕೆಂದರೆ ನೀನು ನನ್ನ ಕ್ರಮಕ್ಕೆ ಸಾಕ್ಷಿ. ಕೆಂಪಮ್ಮನನ್ನು ಮರೆಯಬೇಕಾದಾಗಲೆಲ್ಲ ನಿನ್ನನ್ನು ನೆನೆಸಿಕೊಳ್ಳುತ್ತಿದ್ದೆ.

ಅವಳಿಗೆ ಲೆಕ್ಕ ನಿಜವಾಗಿಯೂ ಬರುತ್ತಿರಲಿಲ್ಲ. ಬರದವಳಿಗೆ ಕಲಿಸುವುದೇ ನನ್ನ ಕೆಲಸವಾಗಿತ್ತು. ನೀನು ನಾನಿಲ್ಲದಿದ್ದರೂ ಕಲಿಯುತ್ತಿದ್ದೆ.

ಆ ಮನುಷ್ಯನ ಮನೆಗೆ ಹೋಗು. ಕರೆಸಬೇಡ, ನೀನೇ ಹೋಗು.

ಅನಸೂಯ


ಟ್ರಾಯ್
29 ಮಾರ್ಚ್ 2009

ಪೂಜ್ಯ ಮೇಡಂ,

ನಿಮ್ಮ ಪತ್ರವನ್ನು ಕೊನೆಯವರೆಗೆ ಓದಿದೆ. ಕೆಂಪಮ್ಮನ ಮುಖ ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಬರಲಿಲ್ಲ. ನಕ್ಕದ್ದು ಮಾತ್ರ ನೆನಪಿದೆ.

ಹಿಂದಿನ ಪತ್ರದಲ್ಲಿ ನಿಮಗೆ ಒಂದು ವಿಷಯ ಮುಚ್ಚಿಟ್ಟೆ. ಸತತವಾಗಿ ಆರು ಕ್ಲಾಸು ತಪ್ಪಿಸಿದವರ ಬಗ್ಗೆ ಬೋಧಕ ಒಂದು ಫಾರ್ಮ್ ತುಂಬಿ ಸಹಿ ಮಾಡಬೇಕು. ಫೆಬ್ರವರಿ ಇಪ್ಪತ್ತಮೂರಕ್ಕೆ ನಾನು ಸಹಿ ಮಾಡಿದೆ. ಅದರಲ್ಲಿ ಕಾರಣ ಎಂಬ ಕಡೆ "ಕಲಿಯುವ ಆಸಕ್ತಿ ಇಲ್ಲ" ಎಂದು ಬರೆದೆ. ಬರೆಯಲು ಅರ್ಧ ನಿಮಿಷ ಹಿಡಿಯಿತು. ಒಂದು ಸಲ ಫೋನ್ ಮಾಡಿ ಕೇಳಬೇಕೆಂದು ಅನ್ನಿಸಿರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಅನ್ನಿಸಿತ್ತು. ಮಾಡಲಿಲ್ಲ. ಆ ಸಹಿಯಿಂದ ಅವನ ಭತ್ಯೆ ನಿಂತುಹೋಯಿತು.

ಯುಗಾದಿಯ ದಿನ ಕ್ಲಾಸು ಮುಗಿಸಿ ವಾರನ್‌ನಲ್ಲಿರುವ ಅವನ ಮನೆಗೆ ಹೋದೆ. ಬೀದಿಯಲ್ಲಿ ಮೂರು ಮನೆಗೆ ಒಂದರಂತೆ ಮಾರಾಟದ ಬೋರ್ಡು. ಕಾರು ನಿಲ್ಲಿಸಿ ಹತ್ತು ನಿಮಿಷ ಒಳಗೇ ಕೂತಿದ್ದೆ. ಕಾರಿನಿಂದ ಅವನ ಬಾಗಿಲಿಗೆ ಇಪ್ಪತ್ತು ಹೆಜ್ಜೆ ಇರಬಹುದು. ಕಿಟಕಿಯ ಪರದೆ ಸರಿದದ್ದು ಕಂಡಿತು. ಯಾರೋ ನನ್ನನ್ನು ನೋಡುತ್ತಿದ್ದರು. ಆ ಇಪ್ಪತ್ತು ಹೆಜ್ಜೆ ಹಾಕುವಾಗ ನನಗೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಹೆಂಡತಿ ಬಾಗಿಲು ತೆಗೆದು ಒಳಕ್ಕೆ ಕರೆದರು. ಸ್ಟ್ಯಾನ್ಲಿ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಏಳಲಿಲ್ಲ, ಕೂರು ಎಂದೂ ಹೇಳಲಿಲ್ಲ. ನಾನು ನಿಂತೇ ಕ್ಷಮೆ ಕೇಳಿದೆ. ನಮ್ಮ ಕಡೆ ಹೀಗೇ ಕಲಿಸುತ್ತಿದ್ದರು ಎಂದು ವಿವರಿಸಲು ಹೊರಟೆ. ಅವನು ಕೈಯೆತ್ತಿ ನಿಲ್ಲಿಸಿದ. ಕಾರ್ಖಾನೆ ಮುಚ್ಚುವ ದಿನ ಫೋರ್‌ಮನ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಟ್ಟಿ ಓದಿದನಂತೆ. ಹೆಸರು ಕೂಗಿದವರು ಮುಂದೆ ಬಂದು ಲಕೋಟೆ ತೆಗೆದುಕೊಂಡು ಹೊರಗೆ ಹೋಗಬೇಕು. ಇವನದು ಕೊನೆಯ ಹೆಸರು.

"ಆಮೇಲೆ ನನ್ನ ಹೆಸರನ್ನ ಹಾಗೆ ಕೂಗಿದ್ದು ನೀವೇ" ಎಂದ. "ಇನ್ನೊಂದು ವಿಷಯ. ನನ್ನ ಉತ್ತರಗಳು ಸರಿಯಿದ್ವು" ಎಂದೂ ಹೇಳಿದ.

ಮನೆಗೆ ಬಂದು ಅವನು ಬಿಟ್ಟು ಹೋಗಿದ್ದ ಪತ್ರಿಕೆಯನ್ನು ಬ್ಯಾಗಿನಿಂದ ತೆಗೆದೆ. ಎಂಟನೇ ಮೂರಕ್ಕೆ ಹದಿನಾರನೇ ಐದನ್ನು ಕೂಡಿಸಿ ಎಂದು ಕೇಳಿದ್ದೆ. ಅವನು .6875 ಎಂದು ಬರೆದಿದ್ದಾನೆ. ಸರಿಯೇ. ಪ್ರೆಸ್ಸಿನವರು ಇಂಚನ್ನು ದಶಮಾಂಶದಲ್ಲೇ ಲೆಕ್ಕ ಹಾಕುತ್ತಾರೆ. ಹದಿನಾಲ್ಕು ವರ್ಷ ಅದೇ ಉದ್ಯಮದಲ್ಲಿದ್ದ ನನಗೆ ಅದು ಹೊಳೆಯಲಿಲ್ಲ, ಹಂತ ಇಲ್ಲವೆಂದು ಸೊನ್ನೆ ಹಾಕಿದ್ದೆ. ಐದರಲ್ಲಿ ನಾಲ್ಕು ಉತ್ತರ ಸರಿ. ಅವನು ಕೊನೆಯವನೇ ಅಲ್ಲ ಮೇಡಂ.

ಭತ್ಯೆಯ ಬಗ್ಗೆ ಅವನು ಮೇಲ್ಮನವಿ ಹಾಕಿದ್ದಾನೆ. ನಾನು ಫಾರ್ಮ್ ತಿದ್ದಿ ಬರೆದುಕೊಟ್ಟರೆ ಅವನ ಪರವಾಗಿ ಆಗಬಹುದು. ಆದರೆ ಅದು ನನ್ನ ಫೈಲಿಗೂ ಹೋಗುತ್ತದೆ, ಸೆಪ್ಟೆಂಬರಿನ ಕಾಂಟ್ರ್ಯಾಕ್ಟ್ ಉಳಿಯುವುದಿಲ್ಲ. ಮಾಧವನ ವಿಮೆ ಅದರಲ್ಲೇ ಇದೆ. ಲೆಕ್ಕ ತಿದ್ದುವಾಗ ಆದ ತಪ್ಪು ಎಂದಷ್ಟೇ ಬರೆದರೆ ಇಬ್ಬರೂ ಉಳಿಯಬಹುದೇನೋ. ಏನು ಮಾಡಲಿ?

ಅಕ್ಷೋಭ್ಯ


ಲಿಸ್ಲ್
6 ಏಪ್ರಿಲ್ 2009

ಅಕ್ಷೋಭ್ಯ,

ನನ್ನನ್ನು ಕೇಳಬೇಡ. ಹಿಂದಿನ ಸಲ ನೀನು ಕೇಳಿದೆ, ನಾನು ಹೇಳಿದೆ, ಒಂದು ಮನೆಗೆ ಬರುತ್ತಿದ್ದ ಹಣ ನಿಂತಿತು.

ಆದರೆ ಒಂದು ಮಾತು ಬರೆಯದೆ ಇರಲಾರೆ. ಅವನ ಉತ್ತರ ಸರಿಯಿದ್ದದ್ದು ಗೊತ್ತಾದ ಮೇಲೆ ನಿನ್ನ ಪತ್ರದ ದನಿಯೇ ಬದಲಾಗಿದೆ, ಗಮನಿಸಿದೆಯಾ? ಏನೋ ಒಂದು ಸಮಾಧಾನ. ಆಗಿದ್ದು ಲೆಕ್ಕದ ತಪ್ಪು, ಲೆಕ್ಕ ತಿದ್ದಿದರೆ ಸರಿಹೋಯಿತು ಎಂಬ ಹಾಗೆ. ಅವನ ಐದೂ ಉತ್ತರ ತಪ್ಪಾಗಿದ್ದರೂ ನೀನು ಮಾಡಿದ್ದು ತಪ್ಪೇ. ಕೆಂಪಮ್ಮನ ಉತ್ತರಗಳು ತಪ್ಪಾಗಿಯೇ ಇದ್ದವು.

ಈಗ ಇಂಚರಳ ವಿಷಯ. ಜನವರಿಯಲ್ಲಿ ನಿನಗೆ ಬಡಾಯಿ ಕೊಚ್ಚಿದ್ದೆನಲ್ಲ. ಫೆಬ್ರವರಿಯಿಂದ ಅವಳು ನಾಲ್ಕು ಗಂಟೆಯಾದರೆ ಬಟ್ಟೆ ಒಗೆಯುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಹಟ ಎಂದುಕೊಂಡಿದ್ದೆ. ಮೊನ್ನೆ ಮಂಜರಿ ಹತ್ತಿರ ಬಂದು ಕೂತು, "ಅಮ್ಮ, ಬೇಜಾರು ಮಾಡ್ಕೋಬೇಡ. ಅವಳಿಗೆ ನಿನ್ನ ಕಂಡ್ರೆ ಭಯ. ನಂಗೂ ಇತ್ತು" ಎಂದಳು.

ನಂಗೂ ಇತ್ತು ಎಂದಳು ಕಣೋ. ನಲವತ್ತು ವರ್ಷದ ಮಗಳು. ನಾನು ಅದುವರೆಗೆ ಅವಳದು ಗೌರವ ಎಂದುಕೊಂಡಿದ್ದೆ.

ನೀನು ಏನು ನಿರ್ಧರಿಸಿದರೂ ನನಗೆ ಹೆದರಿ ನಿರ್ಧರಿಸಬೇಡ.

ಅನಸೂಯ


ಟ್ರಾಯ್
23 ಮೇ 2009

ಪೂಜ್ಯ ಮೇಡಂ,

ಏಳು ವಾರ ನಿಮಗೆ ಬರೆಯಲಿಲ್ಲ. ಬರೆಯುವಂಥದ್ದು ಏನಾದರೂ ಮಾಡಿದ ಮೇಲೆ ಬರೆಯೋಣವೆಂದಿದ್ದೆ.

ನಿಮ್ಮ ಪತ್ರ ಓದಿ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಎರಡು ವಾರ ಫಾರ್ಮನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ. ಆಮೇಲೆ ಒಂದು ದಿನ, ಕಾರಣ ಎಂಬ ಕಡೆ ಹಳೆಯದನ್ನು ಹೊಡೆದುಹಾಕಿ, "ಬೋಧಕನು ಎಲ್ಲರ ಎದುರು ಅವಮಾನ ಮಾಡಿದ್ದರಿಂದ" ಎಂದು ಬರೆದು ಡೆನೀಸ್ ಅವರ ಮೇಜಿನ ಮೇಲಿಟ್ಟೆ. ಅವರು ಓದಿ ಸುಮ್ಮನಾದರು. ಮನಸ್ಸಿನಲ್ಲಿ ಐದು ಎಣಿಸುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಆಮೇಲೆ, ಇದರ ಪರಿಣಾಮ ನಿಮಗೆ ತಿಳಿದಿದೆಯೇ ಎಂದು ಕೇಳಿದರು. ತಿಳಿದಿದೆ ಎಂದೆ. ಸೆಪ್ಟೆಂಬರಿಗೆ ಬೇರೆಯವರನ್ನು ತೆಗೆದುಕೊಂಡಿದ್ದಾರೆ. ಹೇಳುವಾಗ ನನ್ನ ಕಣ್ಣು ನೋಡಿ, ಹೆಸರನ್ನು ಸರಿಯಾಗಿ ಉಚ್ಚರಿಸಿ ಹೇಳಿದರು. ಈ ಸಲ ಮೈ ಉರಿಯಲಿಲ್ಲ.

ನನ್ನ ಹೆಂಡತಿ ಮಾನ್ಯಾ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ಅನ್ನ ಬಡಿಸುತ್ತ, "ಬರೆದಿದ್ದು ಸರಿ. ಮಾಡಿದ್ದು ತಪ್ಪು. ಎರಡೂ ನಿಮ್ಮದೇ" ಎಂದಳು. ಮಾಧವನಿಗೆ ಮಕ್ಕಳಿಗೆಂದೇ ಇರುವ ಸರ್ಕಾರಿ ವಿಮೆಗೆ ಅಪ್ಲೈ ಮಾಡಿದ್ದೇವೆ. ಸಿಗಬಹುದು ಎನ್ನುತ್ತಾರೆ. ಅಲ್ಲಿಯವರೆಗೆ ಅವನ ಇನ್‌ಹೇಲರಿನ ಸದ್ದು ಕೇಳಿದಾಗಲೆಲ್ಲ ನಾನು ಇನ್ನೊಂದು ಕೋಣೆಗೆ ಹೋಗುತ್ತೇನೆ.

ಮೇಲ್ಮನವಿಯ ವಿಚಾರಣೆಯ ದಿನ ಸ್ಟ್ಯಾನ್ಲಿ ಸಿಕ್ಕಿದ. ನಿಂತಿದ್ದ ಭತ್ಯೆ ಮತ್ತೆ ಶುರುವಾಗಿದೆ. ಜೂನಿನ ಕ್ಲಾಸಿಗೆ ಸೇರುತ್ತೇನೆ, ಆದರೆ ಬೇರೆ ಬೋಧಕರ ಹತ್ತಿರ ಎಂದ. ಸರಿಯಾಗಿ ತಿದ್ದಿದ ಪತ್ರಿಕೆಯನ್ನು ಮಡಿಸಿ ಕೊಟ್ಟೆ. ಅವನು ಬಿಚ್ಚಿ ನೋಡದೆ ಷರ್ಟಿನ ಜೇಬಿಗೆ ಹಾಕಿಕೊಂಡ. ಕೈ ಕುಲುಕಲಿಲ್ಲ. ನಾನೂ ಚಾಚಲಿಲ್ಲ.

ಮೇ ಎಂಟಕ್ಕೆ ಕೊನೆಯ ಕ್ಲಾಸು. ಪತ್ರಿಕೆಗಳನ್ನು ಮಗುಚಿ ಹಿಡಿದುಕೊಂಡು ನಾನೇ ಒಂದೊಂದು ಬೆಂಚಿಗೆ ಹೋಗಿ ಕೊಟ್ಟೆ. ಮುಂದಿನ ಸಾಲಿನವನೊಬ್ಬ ಅಭ್ಯಾಸಬಲದಿಂದ ಎದ್ದು ನಿಂತ. ಕೂತುಕೊಳ್ಳಿ ಎಂದೆ. ಹಿಂದಿನ ಬೆಂಚಿನಲ್ಲಿ ಒಂದು ಜಾಗ ಖಾಲಿ ಇತ್ತು. ಅಲ್ಲಿಯವರೆಗೂ ಹೋಗಿ ಬಂದೆ. ಆ ದಿನ ಆರು ಜನ ಪ್ರಶ್ನೆ ಕೇಳಿದರು. ಹದಿನಾರು ವಾರದಲ್ಲಿ ಕೇಳಬೇಕಾಗಿದ್ದವು, ಕೊನೆಯ ಗಂಟೆಯಲ್ಲಿ ಕೇಳಿದರು.

ನಿಮ್ಮ ಮೇಲೆ ಕೋಪವಿಲ್ಲ. ನೀವು ಕ್ರಮ ಹೇಳಿದಿರಿ, ಮೂವತ್ತೊಂದು ವರ್ಷ ಉಕ್ಕು ಅಳೆದಿದ್ದೀರಿ ಎಂದು ಚುಚ್ಚಿದ ಮಾತು ನನ್ನದೇ.

ಅಕ್ಷೋಭ್ಯ


ಲಿಸ್ಲ್
31 ಮೇ 2009

ಪ್ರೀತಿಯ ಅಕ್ಷೋಭ್ಯನಿಗೆ,

ಜೂನ್ ಒಂಬತ್ತಕ್ಕೆ ವಿಮಾನ. ಸೂಟ್‌ಕೇಸು ತುಂಬಿ ಹಾಲಿನಲ್ಲಿಟ್ಟಿದೆ. ನಿನ್ನ ಪತ್ರಗಳನ್ನು ಸೀರೆಗಳ ನಡುವೆ ಇಟ್ಟುಕೊಂಡಿದ್ದೇನೆ.

ಮಾಧವನ ವಿಮೆಯ ಸುದ್ದಿ ತಿಳಿದ ಕೂಡಲೇ ಮಂಜರಿಗೆ ಫೋನ್ ಮಾಡಿ ಹೇಳು. ಅದು ಗೊತ್ತಾಗುವವರೆಗೆ ನನಗೆ ನೆಮ್ಮದಿಯಿಲ್ಲ. ಅರ್ಧ ನಿನ್ನ ತಪ್ಪು ಎಂದು ನೀನು ಎಷ್ಟು ಬರೆದರೂ ಇನ್ನರ್ಧ ನನ್ನ ಕೈಬರಹದಲ್ಲಿ ನಿನ್ನ ಮನೆಯಲ್ಲಿದೆ.

ಮಂಜರಿಯ ಕೈಲಿ ಆ ನರ್ಸಿಂಗ್ ಹೋಮಿಗೆ ಫೋನ್ ಮಾಡಿಸಿದೆ. ಕೆಂಪಮ್ಮ ಇನ್ನೂ ಅಲ್ಲೇ ಇದ್ದಾಳೆ. ಈಗ ಹೊಸದಾಗಿ ಬಂದ ಆಯಾಗಳಿಗೆ ಕೆಲಸ ಕಲಿಸುವುದು ಅವಳೇ ಅಂತೆ. ರೋಗಿಯನ್ನು ಮುಟ್ಟುವ ಮೊದಲು ಏನು ಹೇಳಬೇಕು ಎನ್ನುವುದರಿಂದ ಶುರುಮಾಡುತ್ತಾಳಂತೆ. ಅವಳನ್ನು ಫೋನಿಗೆ ಕರೆಯಲೇ ಎಂದು ಆ ಕಡೆಯವರು ಕೇಳಿದರು. ಬೇಡ, ಕರೆಸಬೇಡಿ, ನಾನೇ ಬರುತ್ತೇನೆ ಎಂದು ಹೇಳಿಸಿದೆ.

ಏನು ಹೇಳಬೇಕೆಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ನಗಬೇಡ. ಮೊದಲು ಇಂಚರಳ ಹತ್ತಿರ ಕ್ಷಮೆ ಕೇಳಿದೆ. ಬಟ್ಟೆ ಒಗೆಯುವ ಕೋಣೆಯ ಬಾಗಿಲ ಆಚೆ ನಿಂತು, ತಪ್ಪಾಯ್ತು ಮರಿ, ಆದರೆ ನಿನ್ನ ಒಳ್ಳೇದಕ್ಕೇ ಹೇಳಿದ್ದು ಎಂದೆ. ಒಳಗಿನಿಂದ, "ಅಜ್ಜಿ, ಯು ಕಾಂಟ್ ಸೇ ಬಟ್" ಎಂದು ಉತ್ತರ ಬಂತು. ಕ್ಷಮೆ ಕೇಳಿದ ಮೇಲೆ ಆದರೆ ಎನ್ನಬಾರದು ಎಂದು ಅವರ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರಂತೆ. ನಿನ್ನ ಡೆನೀಸಮ್ಮನ ಪಾಠವನ್ನು ಇಲ್ಲಿ ಮೂರನೇ ಕ್ಲಾಸಿನಲ್ಲೇ ಮುಗಿಸಿಬಿಡುತ್ತಾರೆ. ಬಾಗಿಲು ತೆಗೆಯಲು ಆಮೇಲೂ ನಾಲ್ಕು ದಿನ ಹಿಡಿಯಿತು.

ಈಗ ಸಂಜೆ ನಾಲ್ಕಕ್ಕೆ ಅವಳು ಮಂಚದ ಮೇಲೆ ಕೆಂಪಮ್ಮನಾಗಿ ಕೂರುತ್ತಾಳೆ. ನಾನು ಬಾಗಿಲಿನಿಂದ ನಡೆದು ಅವಳ ಹತ್ತಿರ ಹೋಗಿ ಹೇಳಬೇಕು. ಮೊದಲ ದಿನ ಎರಡು ಸಲ "ಆದರೆ" ಬಂತು. ಆಮೇಲೆ, ಆ ಕಾಲದಲ್ಲಿ ಎಲ್ಲ ಹಾಗೇ ಎಂಬ ಮಾತು ಬಂತು. ನಿನ್ನೆ ಮೊದಲ ಸಲ ಯಾವುದೂ ಸೇರದೆ, ಕೆಂಪಮ್ಮ, ನಾನು ನಿನಗೆ ತಪ್ಪು ಮಾಡಿದೆ ಎಂದಷ್ಟೇ ಹೇಳಿದೆ.

ಇಂಚರ ಪೂರ್ತಿ ಅಂಕ ಕೊಡಲಿಲ್ಲ. ನಾನು ನೆಲ ನೋಡಿಕೊಂಡು ಹೇಳಿದೆನಂತೆ. ಕಣ್ಣು ನೋಡಿ ಹೇಳಬೇಕಂತೆ. ಇನ್ನೂ ಒಂಬತ್ತು ದಿನ ಇದೆ. ಇವತ್ತು ನಾಲ್ಕಕ್ಕೆ ಮತ್ತೆ ಬಾಗಿಲಿನಿಂದ ಶುರುಮಾಡುತ್ತೇನೆ.

ನಿನ್ನ,
ಅನಸೂಯ